ಮೇಲಣ್ಣ ಆ ಕಡೆ ಒಲ್ಲೆ ಎಂದದ್ದು

ದೇವರು ಹೆದರಿಕೆ ಹಂಚಿದ ದಿನ ಮೇಲಣ್ಣ ರಜೆ ಹಾಕಿದ್ದ ಎಂದು ಅವನ ಜೊತೆ ಕೆಲಸ ಮಾಡುವವರು ಹೇಳಿಕೊಂಡು ತಿರುಗುತ್ತಿದ್ದರು. ಲಿಫ್ಟ್ ರಿಪೇರಿ ಅವನ ಕಸುಬು. ಊರಿನ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ಕೆಟ್ಟು ನಿಂತರೆ ಜನರಿಗೆ ಮೊದಲು ನೆನಪಾಗುತ್ತಿದ್ದವನು ಮೇಲಣ್ಣ. ದೇವರು ಏನಿದ್ದರೂ ಆಮೇಲೆ. ಲಿಫ್ಟ್ ಓಡಾಡುವ ಕತ್ತಲ ಬಾವಿಯೊಳಗೆ, ಆ ಪೆಟ್ಟಿಗೆಯ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಉಕ್ಕಿನ ಹಗ್ಗ, ಇನ್ನೊಂದರಲ್ಲಿ ಸ್ಪ್ಯಾನರ್, ಬಾಯಲ್ಲಿ ಟಾರ್ಚು ಹಿಡಿದು ಅವನು ಹಾಡು ಗುನುಗುತ್ತಿದ್ದ. ಬಾಯಲ್ಲಿ ಟಾರ್ಚ್ ಇರುವಾಗ ಹಾಡುವುದು ಹೇಗೆ ಎಂದು ಕೇಳಬೇಡಿ. ಹಾಡು ಕೇಳಿದವರೂ ಅದನ್ನೇ ಕೇಳುತ್ತಿದ್ದರು. ಒಮ್ಮೆ ತೀರಾ ಮೇಲಿನ ಮಹಡಿಯಲ್ಲಿ ಅವನ ಕೈಜಾರಿದ ನಟ್ಟು ತಳಕ್ಕೆ ಬಿದ್ದ ಸದ್ದು ಕೇಳುವಷ್ಟರಲ್ಲಿ ಅವನು ಟೀ ಕುಡಿದು ಮುಗಿಸಿದ್ದನಂತೆ. ಅಷ್ಟು ಎತ್ತರ. ನಂಬಲಾಗದಿದ್ದರೆ ಬೇಡ, ಟೀ ಸಣ್ಣ ಲೋಟದ್ದೇ ಇದ್ದೀತು.

ಇಂಥ ಮನುಷ್ಯನಿಗೆ ನೀರು ಕಂಡರೆ ಪ್ರಾಣ ಬಾಯಿಗೆ ಬರುತ್ತಿತ್ತು.

ಕುಡಿಯುವ ನೀರಲ್ಲ, ಸ್ನಾನದ ನೀರೂ ಅಲ್ಲ. ಬಕೆಟ್ಟಿಗಿಂತ ದೊಡ್ಡದಾದ, ತಳ ಕಾಣದ ಯಾವ ನೀರಾದರೂ ಸರಿ, ಮೇಲಣ್ಣನ ಮೊಣಕಾಲು ಅವನ ಮಾತು ಕೇಳುವುದನ್ನು ನಿಲ್ಲಿಸಿಬಿಡುತ್ತಿತ್ತು. ಈ ಭಯ ಎಲ್ಲಿಂದ ಬಂತು ಎಂದು ಅವನಿಗೇ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಯಾರೂ ಅವನನ್ನು ಬಾವಿಗೆ ತಳ್ಳಿರಲಿಲ್ಲ, ಯಾವ ಹೊಳೆಯೂ ಅವನ ಕಾಲು ಎಳೆದಿರಲಿಲ್ಲ. ಕೆಲವರಿಗೆ ಹುಟ್ಟುಮಚ್ಚೆ ಇರುತ್ತದೆ, ಇವನಿಗೆ ಇದಿತ್ತು. ಮಚ್ಚೆಯನ್ನಾದರೂ ಡಾಕ್ಟರಿಗೆ ತೋರಿಸಬಹುದು. ಇದನ್ನು ಅವನು ಕಟ್ಟಿಕೊಂಡ ಹೆಂಡತಿಗೂ ತೋರಿಸಿರಲಿಲ್ಲ. ಹೆದರದವನು ಎಂದು ಒಮ್ಮೆ ಹೆಸರು ಬಂದ ಮೇಲೆ ಅದನ್ನು ಕಾಪಾಡುವುದಿದೆಯಲ್ಲ, ಅದರ ಮುಂದೆ ಲಿಫ್ಟ್ ಕಾಪಾಡುವ ಕೆಲಸ ಮಕ್ಕಳಾಟ. ಮದುವೆಯಾದ ಹೊಸದರಲ್ಲಿ ಹೆಂಡತಿ ಸಮುದ್ರ ನೋಡೋಣ ಎಂದಾಗ ಶೀತ ಎಂದ. ಮಗಳು ಹುಟ್ಟಿದ ಮೇಲೆ ಈಜುಕೊಳ ಎಂದಾಗ ಬೆನ್ನುನೋವು ಎಂದ. ಹೀಗೆ ಇಲ್ಲದ ಕಾಯಿಲೆಗಳನ್ನೆಲ್ಲ ಒಂದೊಂದಾಗಿ ಖರ್ಚು ಮಾಡಿ ಮುಗಿಸುವ ಹೊತ್ತಿಗೆ ಮಗಳ ಮದುವೆ ಗೊತ್ತಾಯಿತು.

ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಹುಡುಗ ಬೇಕರಿ ಇಟ್ಟವನು, ಮೆತ್ತಗಿನ ಸ್ವಭಾವ, ಅವನು ಮಾಡುವ ಬ್ರೆಡ್ಡಿಗಿಂತ ಒಂದು ಕೈ ಹೆಚ್ಚೇ ಮೆತ್ತಗೆ. ಮೇಲಣ್ಣನಿಗೆ ಅವನೆಂದರೆ ಪ್ರಾಣ. ಹುಡುಗನ ತಾಯಿ ಊರಿನ ಈಜುಕೊಳದಲ್ಲಿ ಈಜು ಕಲಿಸುವವರು. ಕೊರಳಲ್ಲಿ ಸದಾ ಸೀಟಿ ತೂಗುತ್ತಿದ್ದುದರಿಂದ ಊರೆಲ್ಲ ಅವರನ್ನು ಸೀಟಿ ಟೀಚರ್ ಎನ್ನುತ್ತಿತ್ತು, ಈ ಮನೆಯಲ್ಲಿ ಸೀಟಿ ಬೀಗಿತ್ತಿ ಆದರು. ಬೀಗಿತ್ತಿಯ ಕಸುಬು ತಿಳಿದ ದಿನವೇ ಮೇಲಣ್ಣನ ಬಾಯಿಗೆ ಬೀಗ ಬಿತ್ತು.

ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದನೇನೋ. ಒಂದು ಸಂಜೆ ಮದುವೆಯ ಏರ್ಪಾಡು ಮಾಡಿಸುವ ಹೆಂಗಸು ಮನೆಗೆ ಬಂದರು. ಅವರನ್ನು ಎಲ್ಲರೂ ಪ್ಲಾನರಮ್ಮ ಎಂದು ಕರೆಯುತ್ತಿದ್ದರು. ಇಬ್ಬರು ಒಟ್ಟಿಗೆ ಸೀನಿದರೂ ಅದಕ್ಕೊಂದು ಥೀಮ್ ಹುಡುಕುವ ಹೆಂಗಸು. ಸೋಫಾದ ತುದಿಯಲ್ಲಿ ಕೂತು ಕೈಗಳನ್ನು ಗಾಳಿಯಲ್ಲಿ ಅಗಲಿಸಿ, "ತೇಲುವ ತೋಟ!" ಎಂದರು.

"ಏನು ತೇಲೋದು?" ಎಂದ ಮೇಲಣ್ಣ.

"ಮದುವೆ ಅಂಕಲ್. ಕೆರೆ ಮಧ್ಯ ಆ ಪುಟ್ಟ ದ್ವೀಪ ಇದೆಯಲ್ಲ, ಅಲ್ಲೇ ಮದುವೆ. ಬರೋರೆಲ್ಲ ದೋಣೀಲಿ ಬರ್ತಾರೆ. ಒಂದೊಂದು ದೋಣೀನೂ ಒಂದೊಂದು ಹೂದೋಟ. ನಿಮ್ಮ ಮಗಳೇ ಆರಿಸಿದ್ದು!"

ಮಗಳು ಅಪ್ಪನ ಮುಖವನ್ನೇ ನೋಡುತ್ತ ನಗುತ್ತಿದ್ದಳು. ಮೇಲಣ್ಣನೂ ನಕ್ಕ. ಹಲ್ಲುನೋವಿದ್ದವನನ್ನು ಫೋಟೋದವನು ನಗಿ ಎಂದರೆ ಬರುವಂಥ ನಗು.

"ದೊಡ್ಡವರಿಗೆ ಮೊಣಕಾಲು ನೋವು. ದೋಣಿ ಹತ್ತೋದು ಕಷ್ಟ ಆಗತ್ತಲ್ಲ?" ಎಂದ.

"ಇಳಿಜಾರು ಹಲಗೆ ಹಾಕಿಸ್ತೀನಿ ಅಂಕಲ್. ಕುರ್ಚಿ ಸಮೇತ ಹತ್ತಿಸ್ತೀವಿ."

"ಸೊಳ್ಳೆ?"

"ಹೊಗೆ."

"ಗಾಳಿ ಬಂದ್ರೆ?"

"ಚೆನ್ನಾಗಿರತ್ತೆ! ಪರದೆ ಎಲ್ಲ ಹಾರತ್ತೆ, ಫೋಟೋಗೆ ಎಷ್ಟು ಚೆಂದ!"

ಕೊನೆಯ ಅಸ್ತ್ರ ಎಂಬಂತೆ ಮೇಲಣ್ಣ, "ಲಿಫ್ಟ್ ಥೀಮ್ ಇಟ್ಟರೆ ಹೇಗೆ? ಹುಡುಗ ಮೇಲಿಂದ ಇಳಿದು ಬರ್ತಾನೆ, ಹುಡುಗಿ ಕೆಳಗಿಂದ ಹತ್ತಿ ಬರ್ತಾಳೆ" ಎಂದ.

"ಇಬ್ಬರೂ ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡ್ರೆ ನೀವೇ ಬಿಡಿಸ್ಬೇಕು ಆಮೇಲೆ" ಎಂದಳು ಹೆಂಡತಿ ಅಡುಗೆಮನೆಯಿಂದ. ಎಲ್ಲರೂ ನಕ್ಕರು. ಲಿಫ್ಟ್ ಥೀಮ್ ಅಲ್ಲಿಗೆ ಮುಗಿಯಿತು.

ಪ್ಲಾನರಮ್ಮನ ಬತ್ತಳಿಕೆಯಲ್ಲಿ ಇನ್ನೊಂದು ಬಾಣ ಉಳಿದಿತ್ತು. "ಎಲ್ಲರೂ ಆ ಕಡೆ ಸೇರಿದ ಮೇಲೆ ಕೊನೇಲಿ ಒಂದೇ ಒಂದು ಸಣ್ಣ ದೋಣಿ ಬರತ್ತೆ. ಅದರಲ್ಲಿ ಅಪ್ಪ, ಮಗಳು ಇಬ್ಬರೇ. ಅಂಕಲ್, ನೀವು ದೋಣಿ ಮೂತಿ ಹತ್ರ ನಿಂತ್ಕೊಂಡಿರ್ಬೇಕು. ಕೂತ್ಕೋಬಾರದು. ಒಂದು ಕೈಯಲ್ಲಿ ಕೊಡೆ."

ಸಣ್ಣ ದೋಣಿ. ನಿಂತುಕೊಂಡು. ಒಂದು ಕೈಯಲ್ಲಿ ಕೊಡೆ. ಮೇಲಣ್ಣ ಕುಡಿಯುತ್ತಿದ್ದ ನೀರಿನ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಆ ಗಳಿಗೆಯಲ್ಲಿ ಅದರ ಮೇಲೂ ಅವನಿಗೆ ನಂಬಿಕೆ ಉಳಿದಿರಲಿಲ್ಲ.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಮಗಳ ಮದುವೆಗೆ ಅಪ್ಪನೇ ಇರದ ಹಾಗಾಗುವುದೋ, ಇಲ್ಲ ಅಪ್ಪ ಹೆದರುಪುಕ್ಕಲ ಎಂದು ಊರಿಗೆಲ್ಲ ಗೊತ್ತಾಗುವುದೋ, ಈ ಎರಡರಲ್ಲಿ ಯಾವುದು ವಾಸಿ ಎಂದು ತೂಗಿ ತೂಗಿ ಅವನೇ ತಕ್ಕಡಿಯ ಹಾಗೆ ಓಲಾಡತೊಡಗಿದ. ಕಚೇರಿಯೊಂದರ ಲಿಫ್ಟಿನಲ್ಲಿ ಮೇಲೆ ಹೋಗುವ ಗುಂಡಿ ಒತ್ತಿದರೆ ಕೆಳಗೆ ಹೋಗುವಂತೆ ತಂತಿ ಜೋಡಿಸಿ ಬಂದ. ಮೇಲಧಿಕಾರಿಯನ್ನು ನೋಡಬೇಕೆಂದು ಹೊರಟವರೆಲ್ಲ ನೆಲಮಾಳಿಗೆಯಲ್ಲಿ ಕಾರುಗಳ ನಡುವೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ನೇಹಿತರು "ಮಗಳನ್ನ ಕಳಿಸೋ ಸಂಕಟ, ಪಾಪ" ಎಂದರು. ಮೇಲಣ್ಣ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಿಟ್ಟುಸಿರು ಬಿಟ್ಟ. ಸುಳ್ಳಿಗೆ ಯಾರಾದರೂ ತಾವಾಗಿ ಅಂಗಿ ಹೊಲಿದು ತಂದರೆ ಬೇಡ ಎನ್ನಲಾಗುತ್ತದೆಯೇ?

ಮದುವೆಗೆ ಕೆಲವೇ ದಿನ ಇರುವಾಗ ಪ್ಲಾನರಮ್ಮ ಎಲ್ಲರನ್ನೂ ಕೆರೆಯ ಬಳಿಗೆ ಕರೆಸಿದರು, ಒಮ್ಮೆ ಅಭ್ಯಾಸ ಮಾಡಿ ನೋಡಲು. ಬೆಳಗಿನ ಎಳೆಬಿಸಿಲು, ದಡದಿಂದ ನೀರಿನೊಳಕ್ಕೆ ಚಾಚಿದ ಮರದ ಕಟ್ಟೆ, ಅದರ ತುದಿಗೆ ಕಟ್ಟಿದ ಪುಟ್ಟ ದೋಣಿ. ದೋಣಿ ಅಂದರೆ ದೊಡ್ಡ ಮಾತು. ದೋಣಿಯಾಗಬೇಕೆಂದು ಹೊರಟು ಅರ್ಧದಲ್ಲಿ ಮನಸ್ಸು ಬದಲಿಸಿದ ಚಪ್ಪಲಿ ಅದು. ಮಗಳು ಒಂದೇ ನೆಗೆತಕ್ಕೆ ಹತ್ತಿ ನಿಂತು ಕೈ ಚಾಚಿದಳು. ಸೀಟಿ ಬೀಗಿತ್ತಿ, ಅಳಿಯನಾಗುವ ಹುಡುಗ, ಹೆಂಡತಿ ಎಲ್ಲ ದಡದಲ್ಲಿ ಸಾಲಾಗಿ ನಿಂತಿದ್ದರು.

"ಬಾಪ್ಪ."

ಮೇಲಣ್ಣ ಕಟ್ಟೆಯ ಮೇಲೆ ನಡೆದ. ಹಲಗೆಗಳ ಸಂದಿಯಲ್ಲಿ ಕಪ್ಪು ನೀರು ಪಳಕ್ಕನೆ ಮಿನುಗಿತು. ಅಷ್ಟೇ. ಅವನ ಮೊಣಕಾಲು ಅಲ್ಲೇ ಮುಷ್ಕರ ಹೂಡಿತು. ಬೆವರು ಕಿವಿಯ ಹಿಂದಿನಿಂದ ಇಳಿದು ಅಂಗಿಯ ಕಾಲರನ್ನು ತೋಯಿಸಿತು. ಮಗಳು ಮತ್ತೆ, "ಅಪ್ಪ, ಎಲ್ಲ ನೋಡ್ತಿದ್ದಾರೆ" ಎಂದಳು. ಎಲ್ಲರೂ ನಿಜವಾಗಿಯೇ ನೋಡುತ್ತಿದ್ದರು. ಇಷ್ಟು ವರ್ಷ ಹೊಟ್ಟೆಯೊಳಗೆ ಒತ್ತಿ ಹಿಡಿದಿದ್ದ ಮಾತು ಮೂತಿ ಬಿಗಿದ ಸೋಡಾ ಬಾಟಲಿಯಂತೆ ಸಿಡಿಯಿತು, ಆದರೆ ಅರ್ಧ ಮಾತ್ರ.

"ಆಗಲ್ಲಮ್ಮ! ನನಗೆ ಆ ಕಡೆ ಬೇಡ! ಆ ಕಡೆ ನನಗೆ ಮೊದಲಿಂದಲೂ ಆಗಲ್ಲ!"

ಎಂದವನೇ ತಿರುಗಿ, ಕಟ್ಟೆಯಿಂದ ನೆಲಕ್ಕೆ ಹಾರಿ, ಯಾರ ಮುಖವನ್ನೂ ನೋಡದೆ ಬಿರಬಿರನೆ ನಡೆದು ಕೆಲಸಕ್ಕೆ ಹೋಗಿಬಿಟ್ಟ.

ನಮ್ಮ ಮಾತಿನಲ್ಲಿ 'ಆ ಕಡೆ' ಅಂದರೆ ಎದುರಿನ ದಡವೂ ಹೌದು. ಮದುವೆಯ ಮಾತು ನಡೆಯುವಾಗ ಹೆಣ್ಣಿನ ಮನೆಯವರ ಬಾಯಲ್ಲಿ 'ಆ ಕಡೆ' ಅಂದರೆ ಗಂಡಿನ ಮನೆಯವರೂ ಹೌದು. ಮೇಲಣ್ಣ ಹೇಳಿದ್ದು ಮೊದಲನೆಯದು. ದಡದಲ್ಲಿ ನಿಂತಿದ್ದ ಅಷ್ಟೂ ಜನ ಕೇಳಿಸಿಕೊಂಡದ್ದು ಎರಡನೆಯದು. ಸೀಟಿ ಬೀಗಿತ್ತಿಯ ಮುಖ ಕಪ್ಪಿಟ್ಟಿತು. ಬೇಕರಿ ಹುಡುಗ ಒಲೆಯೊಳಗೆ ಮರೆತ ಬನ್ನಿನಂತೆ ಒಮ್ಮೆಗೇ ಮುರುಟಿಹೋದ.

ಮೇಲಣ್ಣನಿಗೆ ಇದೊಂದೂ ತಿಳಿಯದು. ಆಸ್ಪತ್ರೆಯೊಂದರ ಲಿಫ್ಟಿನ ತಳದ ಗುಂಡಿಯಲ್ಲಿ, ಫೋನಿಗೆ ಸಿಗ್ನಲ್ ಬಾರದ ಜಾಗದಲ್ಲಿ, ಗ್ರೀಸು ಹಚ್ಚುತ್ತ ದಿನ ಕಳೆದ. ಸಂಜೆ ಮನೆಗೆ ಬಂದರೆ ಮಗಳ ಕಣ್ಣು ಕೆಂಪಗೆ ಊದಿಕೊಂಡಿದೆ. ಪರದೆ ಹೊಲಿಯುವ ಹೆಂಡತಿ ಮೆಷಿನ್ ಮುಂದೆ ಕೂತಿದ್ದಾಳೆ, ಮೆಷಿನ್ ಸುಮ್ಮನಿದೆ. ಅವಳ ಮೆಷಿನ್ ಸುಮ್ಮನಿದ್ದರೆ ಮನೆಯಲ್ಲಿ ಗುಡುಗು ಗ್ಯಾರಂಟಿ.

"ಆ ಕಡೆ ಆಗಲ್ಲ ಅಂದ್ರಲ್ಲ, ಏನು ಕೊರತೆ ಕಂಡಿರಿ?" ಎಂದಳು.

ಗುಟ್ಟು ಹೇಗೂ ಬಯಲಾಗಿದೆ ಎಂದುಕೊಂಡ ಮೇಲಣ್ಣ ಕುರ್ಚಿಯಲ್ಲಿ ಕುಸಿದು ಕೂತ. "ಕೊರತೆ ಅಂತಲ್ಲ ಕಣೇ. ಆಳ ಗೊತ್ತಾಗಲ್ಲ."

"ಆಳ ಗೊತ್ತಾಗಲ್ವಾ?"

"ಮೇಲೆ ನೋಡೋಕೆ ತಣ್ಣಗೆ. ಒಳಗೆ ಎಷ್ಟು ಕೆಸರಿದೆಯೋ, ಯಾರಿಗೆ ಗೊತ್ತು?"

"ಕೆಸರು!" ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ಅವತ್ತು ನೀವೇ ಹೊಗಳಿದ್ರಿ."

"ದೂರದಿಂದ ನೋಡಿ ಹೊಗಳಿದ್ದು. ಹತ್ತಿರ ಹೋದಾಗಲೇ ಅಲ್ವಾ ಗೊತ್ತಾಗೋದು? ಒಂದು ಸಲ ಕಾಲಿಟ್ಟರೆ ಮುಗೀತು, ಎಳಕೊಂಡುಬಿಡತ್ತೆ. ಎಷ್ಟು ಜನಾನ ನುಂಗಿದೆಯೋ!"

"ನುಂಗಿದೆಯಾ?" ಮಗಳು ಎದ್ದು ನಿಂತಳು. "ಅಪ್ಪ, ಅವರು ಯಾರನ್ನ ನುಂಗಿದಾರೆ? ನಿನಗೆ ಅಷ್ಟು ಅಸಹ್ಯ ಅಂದ್ರೆ ನನಗೆ ಈ ಮದುವೇನೇ ಬೇಡ. ಈಗಲೇ ಫೋನ್ ಮಾಡಿ ಹೇಳ್ತೀನಿ."

"ಏ, ಮದುವೆ ಯಾಕೆ ಬೇಡ? ಜಾಗ..."

ಅವನ ಮಾತು ಮುಗಿಯುವ ಮೊದಲೇ ಬಾಗಿಲ ಗಂಟೆ ಹೊಡೆಯಿತು. ಸೀಟಿ ಬೀಗಿತ್ತಿ ಮಗನ ಸಮೇತ ಬಂದು ನಿಂತಿದ್ದರು. ಆಮೇಲೆ ಆದದ್ದನ್ನು ಸಂತೆ ಎನ್ನಬೇಕು, ಆದರೆ ಸಂತೆಯಲ್ಲಿ ಕೊಳ್ಳುವವರಾದರೂ ಒಂದಿಷ್ಟು ಸುಮ್ಮನಿರುತ್ತಾರೆ. ಹೆಂಡತಿ ಕ್ಷಮೆ ಕೇಳುತ್ತಿದ್ದಾಳೆ, ಮಗಳು ಅಳುತ್ತಿದ್ದಾಳೆ, ಹುಡುಗ "ಅಂಕಲ್, ನನ್ನಿಂದ ಏನಾದ್ರೂ ತಪ್ಪಾಯ್ತಾ, ನಮ್ಮಮ್ಮನ ಮಾತು ಸ್ವಲ್ಪ ಗಡಸು, ಅದಕ್ಕಾ?" ಎಂದು ಕೇಳುತ್ತಿದ್ದಾನೆ, ಅವನಮ್ಮ "ನನ್ನ ಮಾತು ಎಲ್ಲೋ ಗಡಸು?" ಎಂದು ಗಡಸಾಗಿಯೇ ಕೇಳುತ್ತಿದ್ದಾರೆ. ಗಲಾಟೆಗೆ ಕೆಳಗಿನ ಮನೆಯವರು ಸೂರು ಕುಟ್ಟಿದರು, ಮೇಲಿನ ಮನೆಯವರು ನೆಲ ಕುಟ್ಟಿದರು.

ಆಗ ಬೀಗಿತ್ತಿ ಸೀಟಿ ಊದಿದರು. ಈಜುಕೊಳದ ಆ ತುದಿಯವರೆಗೆ ಕೇಳಬೇಕಾದ ಸೀಟಿ. ಆ ಪುಟ್ಟ ಹಾಲಿನಲ್ಲಿ ಊದಿದ್ದಕ್ಕೆ ಗೋಡೆಯ ಗಡಿಯಾರವೂ ಅರೆಗಳಿಗೆ ನಿಂತು ಆಮೇಲೆ ನಡೆಯಿತು. ಎಲ್ಲರೂ ಬಾಯಿ ಮುಚ್ಚಿದರು.

"ಬೀಗರೇ, ನೇರ ಹೇಳಿಬಿಡಿ. ನಮ್ಮ ಕಡೆಯವರಲ್ಲಿ ನಿಮಗೆ ಆಗದಿರೋದು ಯಾವುದು?"

"ನಿಮ್ಮ ಕಡೆಯವರಲ್ಲಾ?" ಮೇಲಣ್ಣನ ತಲೆಯೊಳಗೆ ಬೆಳಗಿನಿಂದ ಆರಿದ್ದ ದೀಪ ಈಗ ಹತ್ತಿಕೊಂಡಿತು. ಬೆಳಗ್ಗೆ ತಾನು ಆಡಿದ ಮಾತು, ಈಗ ಆಡಿದ ಮಾತು, ಕೆಸರು, ನುಂಗಿದ್ದು, ಎಲ್ಲವೂ ಒಂದರ ಹಿಂದೊಂದು ಮೆರವಣಿಗೆ ಬಂದವು. ಮಗಳ ಕೈಯಲ್ಲಿದ್ದ ಫೋನನ್ನು ನೋಡಿದ. ಇನ್ನೂ ಬಾಯಿ ಬಿಡದಿದ್ದರೆ ತನ್ನ ಒಂದು ಹೆದರಿಕೆಗೆ ಎರಡು ಮನೆ ಮುಳುಗುವುದು ಖಾತ್ರಿ. ಅದೂ ದಡದ ಮೇಲೆ ಕೂತಲ್ಲೇ.

"ಕೆರೆ" ಎಂದ. "ನಾನು ಹೇಳಿದ್ದು ಕೆರೆಯ ಆ ಕಡೆ. ನನಗೆ ನೀರು ಕಂಡ್ರೆ ಭಯ."

ಮೇಲಣ್ಣ ನೆಲ ನೋಡುತ್ತಲೇ ಮುಂದುವರಿಸಿದ.

"ಭಯ ಅಂದ್ರೆ ಅಂಥಿಂಥ ಭಯ ಅಲ್ಲ. ಕಾಲೇ ಬಿದ್ದುಹೋಗತ್ತೆ. ಮೊದಲಿಂದಲೂ ಹೀಗೇ. ನಿಮ್ಮ ಕಡೆಯವರು ಬಂಗಾರದಂಥವರು ಬೀಗಿತ್ತಿ, ನಿಮ್ಮ ಮಗ ನನಗೆ ಮಗಳಿಗಿಂತ ಒಂದು ತೂಕ ಹೆಚ್ಚು. ಆದರೆ ಆ ದೋಣಿ ಹತ್ತು ಅಂದ್ರೆ ನನ್ನ ಕೈಲಿ ಆಗಲ್ಲ. ಹೊತ್ತುಕೊಂಡು ಹೋಗಿ ಹಾಕಿದ್ರೂ ಮಧ್ಯದಲ್ಲೇ ಪ್ರಾಣ ಹೋಗತ್ತೆ, ನಿಮಗೆ ಮದುವೆ ಊಟದ ಬದಲು ಇನ್ನೊಂದು ಊಟ ಹಾಕಿಸೋ ಕೆಲಸ."

ಮೊದಲು ಮಾತಾಡಿದವಳು ಹೆಂಡತಿ. "ಅಯ್ಯೋ! ಇಷ್ಟು ವರ್ಷ ನೀವು ನೀರು ಉಳಿಸ್ತಿದೀರ ಅಂತ ತಿಳ್ಕೊಂಡಿದ್ನಲ್ರೀ! ದೊಡ್ಡ ತೊಟ್ಟಿ ಬೇಡ, ಸಣ್ಣ ಬಕೆಟ್ ಸಾಕು ಅನ್ನೋರು. ಅಕ್ಕಪಕ್ಕದವರಿಗೆಲ್ಲ ನಮ್ಮನೆಯವರನ್ನ ನೋಡಿ ಕಲೀರಿ ಅಂತ ಹೇಳ್ಕೊಂಡು ಬಂದಿದೀನಿ. ಈಗ ಯಾವ ಮುಖ ಇಟ್ಕೊಂಡು ಓಡಾಡ್ಲಿ?"

ಬೀಗಿತ್ತಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಸೋಫಾದ ತೋಳು ಹಿಡಿದುಕೊಂಡರು. ಕೊರಳ ಸೀಟಿ ಕುಣಿಯಿತು. "ಬೀಗರೇ, ನನ್ನ ಹತ್ರ ಬರೋರಲ್ಲಿ ಅರ್ಧಕ್ಕರ್ಧ ಜನ ಇದೇ. ಮೀಸೆ ಇರೋ ದೊಡ್ಡ ಮನುಷ್ಯರು ಕೊಳದ ಅಂಚಿನ ಕಂಬೀನ ಅಪ್ಪನ ಆಸ್ತಿ ಹಾಗೆ ಹಿಡ್ಕೊಂಡಿರ್ತಾರೆ. ಮೂರು ವರ್ಷದಿಂದ ಒಬ್ಬರು ಬರ್ತಿದಾರೆ, ಇನ್ನೂ ಮೆಟ್ಟಿಲ ಮೇಲೇ ಇದಾರೆ. ಅದರಲ್ಲಿ ನಾಚಿಕೆ ಏನು ಬಂತು?"

ಈಗ 'ಬನ್ನಿ ಕಲಿಸ್ತೀನಿ' ಎನ್ನುತ್ತಾರೆ ಎಂದು ಮೇಲಣ್ಣ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದ. ಬೀಗಿತ್ತಿಗೆ ಅದೂ ಕಂಡಿತು. "ಹೆದರಬೇಡಿ. ಬೀಗರಿಗೆ ಕಲಿಸಲ್ಲ. ಕಲಿಸೋವಾಗ ಬೈತೀನಿ, ಆಮೇಲೆ ಸಂಬಂಧ ಕೆಡತ್ತೆ."

ಮಗಳು ಮಾತ್ರ ನಗಲಿಲ್ಲ. ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತಳು. "ಅಪ್ಪ, ನಾನು ಆ ದ್ವೀಪ ಆರಿಸಿದ್ದೇ ನಿನಗೋಸ್ಕರ. ಚಿಕ್ಕವಳಿದ್ದಾಗ ನೀನು ನನ್ನನ್ನ ಕೆಲಸದ ಕಟ್ಟಡದ ತಾರಸಿಗೆಲ್ಲ ಕರ್ಕೊಂಡು ಹೋಗಿ, ನೋಡು, ಕೆರೆ ನೋಡು, ಎಷ್ಟು ಚೆಂದ ಅಂತಿದ್ದೆ. ನಿಂಗೆ ಅಲ್ಲಿಗೆ ಹೋಗೋ ಆಸೆ, ಬಿಡುವಿಲ್ಲದೆ ಹೋಗಿಲ್ಲ ಅಂದ್ಕೊಂಡಿದ್ದೆ."

"ಚೆಂದವೇ ಕಣೇ. ಅಷ್ಟು ಮೇಲಿಂದ ನೋಡಿದ್ರೆ ಒಂದು ತಟ್ಟೆಯಷ್ಟು ಕಾಣತ್ತೆ. ತಟ್ಟೆಗೆ ನಾನು ಹೆದರಲ್ಲ."

ಮಗಳಿಗೆ ಅಳುವೂ ನಗುವೂ ಒಂದೇ ಬಾಗಿಲಲ್ಲಿ ನುಗ್ಗಿ ಸಿಕ್ಕಿಕೊಂಡವು. "ಹೀಗೆ ಅಂತ ಮೊದಲೇ ಹೇಳೋದಲ್ವಾ? ನಿನ್ನ ಖುಷಿಗೆ ಅಂತ ನಾನು ನಿನ್ನನ್ನೇ ಮುಳುಗಿಸ್ತಿದ್ದೆ!" ಎಂದು ಅವನ ಮೊಣಕಾಲಿಗೆ ಒಂದು ಗುದ್ದಿದಳು. ಮೇಲಣ್ಣನಿಗೆ ಆ ಗುದ್ದು ಎಷ್ಟು ಹಿತವಾಯಿತೆಂದರೆ ಇನ್ನೊಂದು ಕಾಲನ್ನೂ ಮುಂದೆ ಮಾಡಿದ.

"ಹಂಗಾದ್ರೆ ದ್ವೀಪ ಬೇಕು ಅಂತ ಇಲ್ಲಿ ಯಾರಿಗೂ ಇಲ್ವಾ?" ಎಂದು ಬೇಕರಿ ಹುಡುಗ ಮೆಲ್ಲಗೆ ಕೇಳಿದ. ಎಲ್ಲರೂ ಮುಖ ಮುಖ ನೋಡಿಕೊಂಡರು. ನಿಜಕ್ಕೂ ಯಾರಿಗೂ ಇರಲಿಲ್ಲ. "ನಾನು ಹೇಳೋಕೆ ಹೋಗಲಿಲ್ಲ. ಕೇಕನ್ನ ದೋಣೀಲಿ ಸಾಗಿಸೋದು ಹೇಗೆ ಅಂತ ನನಗೂ ನಿದ್ದೆ ಇರಲಿಲ್ಲ."

ಪ್ಲಾನರಮ್ಮನಿಗೆ ಫೋನ್ ಹೋಯಿತು. ಆ ತುದಿಯಲ್ಲಿ ತೇಲುವ ತೋಟ ಮುಳುಗಿತು. ಆಮೇಲೆ ಒಂದು ಉಸಿರು ಕೇಳಿತು, ಅದರ ಬೆನ್ನಿಗೇ, "ಒಂದ್ನಿಮಿಷ... ದಡಕ್ಕೆ ಬಂದ ತೋಟ! ಅಂಕಲ್, ದೋಣಿಗಳನ್ನೆಲ್ಲ ಎಳೆದು ನೆಲದ ಮೇಲೆ ಇಡೋಣ. ಅದರಲ್ಲಿ ಹೂವು, ಅದರ ಮಧ್ಯದಲ್ಲಿ ಮದುವೆ. ಇದಂತೂ ಯಾರೂ ಮಾಡಿಲ್ಲ!"

"ನೆಲದ ಮೇಲೆ ತಾನೇ?"

"ನೆಲದ ಮೇಲೆ."

"ನೀರಿಂದ ಎಷ್ಟು ದೂರ?"

"ನೀವು ಎಲ್ಲಿ ಗೆರೆ ಎಳೀತೀರೋ ಅಲ್ಲಿಂದ ಅಂಕಲ್."

ಮೇಲಣ್ಣ ಆ ರಾತ್ರಿ ಉಂಡ ಊಟವನ್ನು ವರ್ಣಿಸಲು ನನ್ನಿಂದಾಗದು. ಪಾತ್ರೆಗಳ ತಳ ಹೊಳೆದವು, ತೊಳೆಯುವ ಕೆಲಸವೇ ಉಳಿಯಲಿಲ್ಲ ಎಂದು ಅವನ ಹೆಂಡತಿಯೇ ಹೇಳಿದ್ದಾಳೆ.

ಮದುವೆಯ ದಿನ ಕೆರೆದಡದ ಹುಲ್ಲಿನ ಮೇಲೆ ದೋಣಿಗಳು ಹೂ ತುಂಬಿಕೊಂಡು, ಬಿಸಿಲು ಕಾಯಿಸಲು ಬಂದ ಎಮ್ಮೆಗಳಂತೆ ಮಲಗಿದ್ದವು. ಮೇಲಣ್ಣ ಮಗಳ ಕೈ ಹಿಡಿದುಕೊಂಡು ಅವುಗಳ ನಡುವೆ ನಡೆದು ಬಂದ. ನೆಲ ಗಟ್ಟಿಯಾಗಿತ್ತು. ಪ್ರತಿ ಹೆಜ್ಜೆಯನ್ನೂ ಅವನು ರುಚಿ ನೋಡುವಂತೆ ಊರಿದ. ಮಗಳು "ಬೇಗ ನಡಿಯಪ್ಪ, ಮದುವೆ ನಾಳೆಗೆ ಹೋಗತ್ತೆ" ಎಂದು ಪಿಸುಗುಟ್ಟಿದಳು. ಅವನು ಆಗಲಿ ಎಂದು ತಲೆಯಾಡಿಸಿ ಇನ್ನಷ್ಟು ನಿಧಾನ ಮಾಡಿದ. ಹುಡುಗನ ಕೈಗೆ ಮಗಳ ಕೈ ಇಡುವಾಗ ಮೊಣಕಾಲು ಚೂರೂ ನಡುಗಲಿಲ್ಲ. ಕಣ್ಣು ಮಾತ್ರ ಸ್ವಲ್ಪ ಒದ್ದೆಯಾಯಿತು. ಅಷ್ಟು ನೀರನ್ನು ಅವನು ಸಹಿಸಿಕೊಂಡ.

ಊಟವಾದ ಮೇಲೆ ಹುರುಪಿದ್ದವರು ದೋಣಿ ಹತ್ತಿ ದ್ವೀಪ ಸುತ್ತಲು ಹೊರಟರು. ಯಾರೋ ನೆಂಟರು "ನೀವು ಬರಲ್ವಾ?" ಎಂದು ಕೇಳಿದರು.

"ಇಲ್ಲಪ್ಪ, ನನಗೆ ನೀರು ಕಂಡ್ರೆ ಭಯ" ಎಂದ ಮೇಲಣ್ಣ, ದೊಡ್ಡ ದನಿಯಲ್ಲಿ. ಹೇಳಿ ನೋಡಿದರೆ ಎಷ್ಟು ಹಗುರ! ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಫೋಟೋದವನಿಗೆ ಹೇಳಿದ, ಬಡಿಸುವವರಿಗೆ ಹೇಳಿದ, ಕೇಳದವರನ್ನೂ ತಡೆದು ನಿಲ್ಲಿಸಿ ಹೇಳಿದ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು "ಸಾಕು ಮಾಡ್ರೀ, ಮೈಕ್ ಒಂದು ಕೊಡಿಸ್ಲಾ?" ಎಂದಳು.

ಆಗ ಹುಡುಗನ ದೊಡ್ಡಪ್ಪ, ಕೋಲೂರಿಕೊಂಡ ಗಂಭೀರ ಮನುಷ್ಯ, ಕುರ್ಚಿಯನ್ನು ಮೇಲಣ್ಣನ ಪಕ್ಕಕ್ಕೆ ಎಳೆದುಕೊಂಡು ಕೂತರು. ಆಚೀಚೆ ನೋಡಿ, ಕಿವಿಯ ಹತ್ತಿರ ಬಾಗಿದರು.

"ಬೀಗರೇ, ನಿಮ್ಮ ಹತ್ರ ಮಾತ್ರ ಹೇಳ್ತೀನಿ. ನನಗೆ ಲಿಫ್ಟ್ ಅಂದ್ರೆ ಭಯ. ಯಾವತ್ತೂ ಹತ್ತಿಲ್ಲ. ಮೊಣಕಾಲು ನೋವಿದ್ರೂ ಮೆಟ್ಟಿಲೇ."

ಲಿಫ್ಟಿನಿಂದಲೇ ಅನ್ನ ಉಂಡವನು, ಲಿಫ್ಟನ್ನು ಬೈದವರ ಜೊತೆ ಜಗಳವಾಡಿದವನು, ಮೇಲಣ್ಣ ಅವರ ಕೈ ಹಿಡಿದು ಅದುಮಿದ.

"ಹತ್ತಲೇಬೇಡಿ ಬೀಗರೇ. ಮೆಟ್ಟಿಲು ಕಟ್ಟಿರೋದು ಮತ್ತೆ ಯಾತಕ್ಕೆ?"